ಗೌರಕ್ಕನ ಎಡಗೆನ್ನೆ

ಪೈಪಿನೊಳಗೆ ಅಕ್ಕ

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಸಾಲಿನಿಂದ ಹೊರಗೆ ಕರೆದು ನಿಲ್ಲಿಸಿದರು. ಕಾರಣ ನನ್ನ ಕೈಯಲ್ಲಿದ್ದ ನೀರಿನ ಪೈಪು. ಮೂರೂವರೆ ಅಡಿಯ ಪಿವಿಸಿ ಪೈಪು, ಎರಡೂ ಬಾಯಿಗೆ ಮುಚ್ಚಳ, ಮುಚ್ಚಳದ ಮೇಲೆ ಸುತ್ತು ಸುತ್ತು ಟೇಪು. ಗದಗಿನ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಕೊಯ್ಯಿಸಿ ತಂದ ಈ ಪೈಪಿನಲ್ಲಿ ಏನಿದೆ ಎಂದು ಬೆಂಗಳೂರಿನಲ್ಲೂ ಕೇಳಿದ್ದರು, ದಾರಿಯಲ್ಲಿ ವಿಮಾನ ಬದಲಿಸಿದ ಕಡೆಯೂ ಕೇಳಿದ್ದರು. ಇಲ್ಲಿ ಕೇಳುವ ಗೋಜಿಗೇ ಹೋಗಲಿಲ್ಲ. ನೀಲಿ ಕೈಗವಸು ಹಾಕಿಕೊಂಡ ಹೆಂಗಸೊಬ್ಬಳು ತಾನೇ ಬಿಚ್ಚಿ, ಒಳಗಿನ ಕ್ಯಾನ್ವಾಸಿನ ಸುರುಳಿ ಎಳೆದು ಮೇಜಿನ ಮೇಲೆ ಹರವಿದಳು.

ನಮ್ಮ ಗೌರಕ್ಕ ಹೊರಗೆ ಬಂದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಕುಂಕುಮ, ಹಾಲಿನ ಕೆನೆಯಂಥ ಕೆನ್ನೆ.

“ಯಾರಿವರು?” ಎಂದಳು ಆ ಹೆಂಗಸು.

“ನನ್ನ ಅಕ್ಕ. ಹೋದ ವರ್ಷ ತೀರಿಕೊಂಡಳು.”

“ಅಯ್ಯೋ ಪಾಪ, ಇಷ್ಟು ಸಣ್ಣ ವಯಸ್ಸಿಗೆ!”

ಅಕ್ಕ ಹೋದಾಗ ಅರವತ್ತೇಳು. ತಿದ್ದಬೇಕಿತ್ತು, ತಿದ್ದಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಹಿಗ್ಗಿದೆ. ಪರದೇಶದ ನೆಲದಲ್ಲಿ ಕಾಲಿಟ್ಟ ಅರ್ಧ ಗಂಟೆಯೊಳಗೆ ನನ್ನ ಕೈಚಳಕಕ್ಕೆ ಪ್ರಮಾಣಪತ್ರ ಸಿಕ್ಕಂತಾಗಿತ್ತು.

ನಮ್ಮದು ಸತ್ತವರ ಚಿತ್ರ ಬರೆಯುವ ಮನೆತನ. ಗದಗಿನ ನಮ್ಮ ಅಂಗಡಿಯಲ್ಲಿ ಅಪ್ಪ ಬರೆದ, ಅವನ ನಂತರ ನಾನು ಬರೆದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಒಂದು ಹಳೆಯ ಫೋಟೊ ತಂದುಕೊಡುತ್ತಾರೆ, ನಾವು ಅದನ್ನು ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಎಣ್ಣೆ ಬಣ್ಣದಲ್ಲಿ ಬರೆದುಕೊಡುತ್ತೇವೆ. ಅಪ್ಪನ ನಿಯಮಗಳು ಖಡಾಖಂಡಿತ. ಮೂಗು ನೆಟ್ಟಗಿರಬೇಕು, ಮೈಬಣ್ಣ ಇದ್ದುದಕ್ಕಿಂತ ತಿಳಿಯಾಗಬೇಕು, ಬಿಳಿ ಕೂದಲು ಕಪ್ಪಾಗಬೇಕು, ಸಿಡುಬಿನ ಕಲೆ ಇದ್ದರೆ ಮಾಯವಾಗಬೇಕು. “ಹೋದವರಿಗೆ ನಾವು ಮಾಡೂದು ಇಷ್ಟ ನೋಡಪಾ” ಎನ್ನುತ್ತಿದ್ದ.

ಇನ್ನೊಂದು ಪದ್ಧತಿಯಿತ್ತು, ಈ ಪ್ರವಾಸವೆಲ್ಲ ನಿಂತಿರುವುದು ಅದರ ಮೇಲೆ. ಚಿತ್ರದ ಕೆಳಗೆ ಸತ್ತವರ ಹೆಸರನ್ನು ಅಂಗಡಿಯಲ್ಲಿ ಬರೆಯುವುದಿಲ್ಲ. ಚಿತ್ರವನ್ನು ಅವರ ಮನೆಗೇ ಒಯ್ದು, ಮನೆಯವರ ಮುಂದೆ ನಿಲ್ಲಿಸಿ, ಅವರಲ್ಲಿ ತೀರ ಹತ್ತಿರದವರು “ಹೌದು, ಇವರೇ” ಎಂದ ಮೇಲೆಯೇ ಹೆಸರು. ಹೌದು ಅನ್ನದಿದ್ದರೆ ಚಿತ್ರ ವಾಪಸ್ಸು. ನಲವತ್ತು ವರ್ಷದಲ್ಲಿ ನನ್ನ ಒಂದು ಚಿತ್ರವೂ ವಾಪಸ್ಸು ಬಂದಿರಲಿಲ್ಲ. ಅಕ್ಕನ ಮೊದಲ ವರ್ಷದ ಪುಣ್ಯತಿಥಿಗೆ, ಹೆಸರು ಬರೆಯದ ಅವಳ ಚಿತ್ರವನ್ನೂ ಒಂದು ಸಣ್ಣ ಕುಂಚವನ್ನೂ ಹಿಡಿದು ನಾನು ಮೊದಲ ಬಾರಿಗೆ ಲಂಡನ್ನಿಗೆ ಬಂದಿದ್ದೆ. ಅವಳು ಸತ್ತಾಗ ವೀಸಾ ಸಿಗದೆ ಬರಲಾಗಿರಲಿಲ್ಲ.

ಕ್ರೋಯ್ಡನ್, ಮೂರೂವರೆಗೇ ಮುಸ್ಸಂಜೆ

ಭಾವ, ಅಂದರೆ ಅಕ್ಕನ ಗಂಡ, ಕ್ರೋಯ್ಡನ್ನಿನಲ್ಲಿ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದಾರೆ. ನಲವತ್ತು ವರ್ಷದ ಹಿಂದೆ ಧಾರವಾಡ ಬಿಟ್ಟು ಬಂದು ಇಲ್ಲಿ ಔಷಧಿ ಅಂಗಡಿಯಲ್ಲಿ ದುಡಿದು ನಿವೃತ್ತರಾದವರು. ಮಗಳು ಸುಮಾ ಕೌನ್ಸಿಲ್ ಆಫೀಸಿನಲ್ಲಿದ್ದಾಳೆ. ತಾಯಿ ಹೋದ ಮೇಲೆ ತನ್ನ ಮನೆ ಬಿಟ್ಟು ಅಪ್ಪನ ಜೊತೆ ಇರಲು ಬಂದಿದ್ದಾಳೆ. ಸುಮಾಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆದಿದ್ದೇನೆ, ತಪ್ಪಿದ್ದರೆ ತಪ್ಪು ನನ್ನದು.

ನವೆಂಬರ್ ತಿಂಗಳು. ಇಲ್ಲಿನ ಆಕಾಶ ತೊಳೆಯದ ಸ್ಲೇಟಿನ ಹಾಗೆ. ಮಳೆ ಬರುತ್ತದೆಯೇ ಅಂದರೆ ಬರುತ್ತದೆ, ಬರುವುದಿಲ್ಲವೇ ಅಂದರೆ ಇಲ್ಲ, ಸುಮ್ಮನೆ ಎಲ್ಲವೂ ಒದ್ದೆಯಾಗಿರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ದೀಪ ಹಚ್ಚಬೇಕು. ಇಂಥ ಬೆಳಕಿನಲ್ಲಿ ಚಿತ್ರ ಬರೆಯುವವರು ಹೇಗೆ ಬದುಕುತ್ತಾರೋ ಎಂದು ಮೊದಲ ದಿನವೇ ಕನಿಕರವಾಯಿತು. ಆಮೇಲೆ, ಅಕ್ಕ ಇಂಥ ನಲವತ್ತು ನವೆಂಬರ್ ಕಳೆದಳಲ್ಲ ಎಂದು ನೆನಪಾಯಿತು. ಊರಿಗೆ ಬಂದಾಗಲೆಲ್ಲ “ನಿಮ್ಮ ಲಂಡನ್ ಹೆಂಗೈತಿ?” ಎಂದರೆ “ಛಲೋ ಐತಿ” ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಚಿತ್ರವನ್ನು ಸೋಫಾದ ಬೆನ್ನಿಗೆ ಆನಿಸಿ ನಿಲ್ಲಿಸಿದೆ. ಭಾವ ಕನ್ನಡಕ ಏರಿಸಿಕೊಂಡು ನೋಡಿದರು, ಎರಡು ಕೈ ಜೋಡಿಸಿದರು.

“ಏನ್ ತಗದೀಯೋ ಬಸು! ಸಾಕ್ಷಾತ್ ಲಕ್ಷ್ಮೀ ಬಂದು ಕುಂತಂಗ ಐತಿ.”

ನಾನು ಸುಮಾಳ ಕಡೆ ನೋಡಿದೆ. ಭಾವ ಆಗಲೇ, ಹೌದು ಅನ್ನುವ ಮಾತು ಮಗಳೇ ಹೇಳಲಿ ಎಂದು ಅವಳಿಗೆ ಬಿಟ್ಟುಕೊಟ್ಟಿದ್ದರು. ಅವಳು ಕೋಟು ಕೂಡ ತೆಗೆಯದೆ ನಿಂತು ತುಂಬ ಹೊತ್ತು ನೋಡಿದಳು.

“ಇದು ಯಾರು, ಮಾಮಾ?”

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಚಿತ್ರದ ಎಡಗೆನ್ನೆಯ ಕಡೆ ಬೆರಳು ತೋರಿಸಿ, “ಇಲ್ಲಿದ್ದದ್ದು ಎಲ್ಲಿ ಹೋಯಿತು?” ಎಂದಳು.

ಭಾವ ಎದ್ದು ಚಹಾಕ್ಕಿಡಲು ಹೋದರು.

ಅಕ್ಕನ ಎಡಗಿವಿಯ ಕೆಳಗಿನಿಂದ ದವಡೆಯವರೆಗೆ ಒಂದು ಸುಟ್ಟ ಕಲೆಯಿತ್ತು. ಸಣ್ಣಂದಿನಲ್ಲಿ ಆದದ್ದು. ಹೇಗಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ, ಇಲ್ಲಿ ಹೇಳಲು ಮನಸ್ಸಾಗುತ್ತಿಲ್ಲ. ಮದುವೆಗೆ ಗಂಡಿನ ಕಡೆಯವರಿಗೆ ಕಳಿಸಿದ ಫೋಟೊದಲ್ಲಿ ಅದನ್ನು ಅಳಿಸಿದವನು ನಾನು. ಮದುವೆಯ ಫೋಟೊದಲ್ಲಿ ಅಳಿಸಿದವನೂ ನಾನೇ. ಅವಳಿಗೆ ಐವತ್ತು ತುಂಬಿದಾಗ ಒಂದು ಚಿತ್ರ ಬರೆದು ಕಳಿಸಿದ್ದೆ, ಅದರಲ್ಲೂ ಇರಲಿಲ್ಲ. ಆಗ ಅಕ್ಕ ಫೋನ್ ಮಾಡಿ “ಭಾಳ ಚಂದ ಆಗೇತೋ ಬಸು. ಯಾರೀಕಿ?” ಎಂದಿದ್ದಳು. ಇಬ್ಬರೂ ನಕ್ಕಿದ್ದೆವು. ಈಗ ಅವಳ ಮಗಳು ಅದನ್ನೇ ಕೇಳಿ ನಗದೆ ನಿಂತಿದ್ದಳು.

“ಇದನ್ನು ನಾನು ಹೌದು ಅನ್ನಲಾರೆ” ಎಂದಳು ಸುಮಾ, ಬಹಳ ಮೆತ್ತಗೆ. ಇಲ್ಲಿಯ ಜನ ಕುತ್ತಿಗೆ ಕೊಯ್ಯುವ ಮಾತನ್ನೂ ಮೆತ್ತಗೇ ಆಡುತ್ತಾರೆ. ತಿಥಿಗೆ ಐದು ದಿನ ಉಳಿದಿತ್ತು.

ಆಲ್ಬಮ್ಮುಗಳು, ಮತ್ತು ಒಂದು ಬಣ್ಣದ ಅಂಗಡಿ

ಅಳಿಸಿದ್ದನ್ನು ಮತ್ತೆ ಬರೆದರಾಯಿತು, ಅದೇನು ಮಹಾ, ಎಂದುಕೊಂಡು ಮರುದಿನ ಮನೆಯ ಆಲ್ಬಮ್ಮುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತೆ. ನಲವತ್ತು ವರ್ಷದ ಫೋಟೊಗಳು. ಹಿಮದಲ್ಲಿ ಅಕ್ಕ, ಸೇತುವೆಯ ಮುಂದೆ ಅಕ್ಕ, ಸುಮಾಳ ಶಾಲೆಯ ಬಾಗಿಲಲ್ಲಿ ಅಕ್ಕ. ಪ್ರತಿಯೊಂದರಲ್ಲೂ ಮುಖ ಸ್ವಲ್ಪ ಎಡಕ್ಕೆ ತಿರುಗಿದೆ, ಬಲಗೆನ್ನೆ ಮಾತ್ರ ಕಾಣುತ್ತದೆ. ಸೆರಗೋ ಮಫ್ಲರೋ ಎಡಗಡೆ ಇಳಿಬಿದ್ದಿದೆ. ಹೊಸ ಕಾಲದ ಮೊಬೈಲಿನ ಫೋಟೊಗಳಲ್ಲೂ ಹಾಗೇ.

ಅವಳಿಗೆ ಹಾಗೆ ನಿಲ್ಲಲು ಕಲಿಸಿದವನು ಯಾರು ಎಂದು ಕೇಳಬೇಡಿ. ನಮ್ಮ ಅಂಗಡಿಯಲ್ಲಿ ಫೋಟೊವನ್ನೂ ತೆಗೆಯುತ್ತಿದ್ದೆವು, ಅಲ್ಲಿ ಕ್ಯಾಮೆರಾದ ಹಿಂದೆ ನಿಂತು “ಅಕ್ಕಾ, ಮಾರಿ ಸ್ವಲ್ಪ ಆ ಕಡೆ ಹೊಳ್ಳಸು” ಎಂದು ಹತ್ತು ವರ್ಷ ಹೇಳಿದ್ದೆ. ಅವಳು ಜೀವನವಿಡೀ ಹೊರಳಿಸಿಕೊಂಡೇ ನಿಂತಳು.

ಸರಿ, ನೆನಪಿನಿಂದ ಬರೆಯೋಣವೆಂದು ಪೆನ್ಸಿಲು ಹಿಡಿದೆ. ಕೈ ಮುಂದೆ ಹೋಗಲಿಲ್ಲ. ಕಲೆ ಕಿವಿಯಿಂದ ನೆಟ್ಟಗೆ ಇಳಿದಿತ್ತೇ, ಸೊಟ್ಟಗೆ ಇಳಿದಿತ್ತೇ? ಅಂಚು ಹೇಗಿತ್ತು? ಬಣ್ಣ? ಏನೂ ನೆನಪಿಲ್ಲ. ಅಳಿಸಬೇಕಾದರೆ ಮೊದಲು ನೋಡಬೇಕು ಎಂದು ನೀವು ಅಂದುಕೊಳ್ಳಬಹುದು. ನಾನು ಕಣ್ಣು ತಪ್ಪಿಸಿಯೇ ಅಳಿಸಿದ್ದೆ. ಊರ ಜನರ ಮುಖದ ಗೆರೆ ಗೆರೆ ಬಲ್ಲವನೆಂದು ಬೀಗುತ್ತಿದ್ದವನಿಗೆ ಸ್ವಂತ ಅಕ್ಕನ ಒಂದು ಕೆನ್ನೆ ಗೊತ್ತಿರಲಿಲ್ಲ. ಭಾವನವರನ್ನು ಕೇಳಿದೆ. “ಇದ್ದದ್ದು ಇತ್ತು ಬಿಡಪಾ, ಅದನ್ನ ಈಗ ಯಾಕ ಕೆದರತಿ?” ಎಂದು ಟಿವಿಯ ದನಿ ಹೆಚ್ಚಿಸಿದರು.

ಸಂಜೆ ಸುಮಾ ಬಂದು ಬಣ್ಣದ ಅಂಗಡಿಗೆ ಕರೆದೊಯ್ದಳು. ಟ್ರಾಮಿನಲ್ಲಿ ಹೋದೆವು. ಈ ಟ್ರಾಮಿನ ಬಗ್ಗೆ ಒಂದು ಮಾತು. ಇಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಿಟಕಿ, ಫೋನು, ತಮ್ಮ ಬೂಟು, ಇಷ್ಟೇ. ನಾನೋ ಮುಖ ನೋಡಿಯೇ ಅನ್ನ ತಿಂದವನು. ಎದುರು ಕೂತವನ ಹುಬ್ಬಿನ ಮೂಳೆ ಬಹಳ ಸೊಗಸಾಗಿತ್ತು, ನೋಡುತ್ತ ಕೂತೆ. ಅವನು ಒಮ್ಮೆ ಕೆಮ್ಮಿದ, ಆಮೇಲೆ ಎದ್ದು ಬೇರೆ ಸೀಟಿಗೆ ಹೋದ. ಸುಮಾ ನನ್ನ ಮೊಣಕೈ ಚಿವುಟಿದಳು. ಗದಗಿನ ಬಸ್ಸಾಗಿದ್ದರೆ ಅವನೂ ನನ್ನನ್ನು ನೋಡಿ, ಯಾವೂರು, ಯಾರ ಪೈಕಿ ಎಂದು ಕೇಳಿರುತ್ತಿದ್ದ.

ಅಂಗಡಿಯಲ್ಲಿ ನನ್ನ ಕೈ ತಾನಾಗಿಯೇ ‘ಫ್ಲೆಶ್ ಟಿಂಟ್’ ಎಂಬ ಟ್ಯೂಬಿಗೆ ಹೋಯಿತು. ಮೈಬಣ್ಣಕ್ಕೆಂದು ಸಿದ್ಧವಾಗಿ ಬರುವ ತಿಳಿಗುಲಾಬಿ ಬಣ್ಣ. ನಲವತ್ತು ವರ್ಷ ನಾನು ಮೊದಲು ಹಿಂಡಿದ್ದು ಅದನ್ನೇ.

“ಇದು ಯಾರ ಮೈ, ಮಾಮಾ?” ಎಂದಳು ಸುಮಾ.

ನೋಡಿದೆ. ನಿಜ, ನಮ್ಮ ಕಡೆ ಆ ಬಣ್ಣದ ಮೈ ಇರುವ ಒಬ್ಬನನ್ನೂ ನಾನು ಕಂಡಿಲ್ಲ. ಗದಗಿನ ಎಷ್ಟು ಅಜ್ಜ ಅಜ್ಜಿಯರಿಗೆ ಅದನ್ನು ಬಳಿದಿದ್ದೆನೋ. ಟ್ಯೂಬನ್ನು ಅಲ್ಲೇ ಇಟ್ಟು ಮಣ್ಣಿನ ಕೆಂಪು, ಕಂದು, ಹಳದಿ, ಬಿಳಿ ಆರಿಸಿಕೊಂಡೆ. “ನಾಳೆ ರಜೆ ಹಾಕುತ್ತೇನೆ. ನಿಮಗೆ ಒಂದು ಜಾಗ ತೋರಿಸಬೇಕು” ಎಂದಳು ಸುಮಾ.

ಚಿತ್ರಶಾಲೆ

ಆ ಚಿತ್ರಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಟಿಕೆಟ್ ಎಷ್ಟು, ಯಾವ ರೈಲು ಎಂದು ಫೋನ್ ಮಾಡುತ್ತೀರಿ. ಒಳಗೆ ಬೆಚ್ಚಗಿತ್ತು, ಅಷ್ಟು ಹೇಳಬಲ್ಲೆ. ಟ್ರಾಮಿನಲ್ಲಿ ಜೀವಂತ ಮುಖವನ್ನು ಒಂದು ಕ್ಷಣ ನೋಡದ ಜನ ಇಲ್ಲಿ ಬಣ್ಣದ ಮುಖಗಳ ಮುಂದೆ ಬೆಂಚು ಹಾಕಿಕೊಂಡು ಅರ್ಧ ಗಂಟೆ ಕೂತಿದ್ದರು.

ಹರೆಯದಲ್ಲಿ ನಾನು ಡ್ರಾಯಿಂಗ್ ಮಾಸ್ತರಿಕೆಯ ಪರೀಕ್ಷೆಗೆ ಓದಿದ್ದುಂಟು. ಆಗ ನಮ್ಮ ಗುರುಗಳು ಬರೆಸಿದ ಟಿಪ್ಪಣಿ ಇವತ್ತಿಗೂ ಬಾಯಿಪಾಠ: ಯುರೋಪಿನ ನವ ಅಭಿಜಾತ, ರಮ್ಯ ಮತ್ತು ವಾಸ್ತವ ಪಂಥಗಳ ವ್ಯತ್ಯಾಸ ತಿಳಿಸಿರಿ. ಪುಸ್ತಕದಲ್ಲಿ ಚಿತ್ರಗಳು ಕಡ್ಡಿಪೆಟ್ಟಿಗೆಯಷ್ಟು ಇದ್ದವು, ಅದೂ ಕಪ್ಪು ಬಿಳುಪು. ಮೂರೂ ಪಂಥದ ಚಿತ್ರಗಳು ಒಂದೇ ತರಹದ ಮಸಿಯ ಹಾಗೆ ಕಾಣುತ್ತಿದ್ದವು. ಆದರೂ ವ್ಯತ್ಯಾಸ ಬರೆದು ಪಾಸಾಗಿದ್ದೆ.

ಮೊದಲ ಕೋಣೆ ನವ ಅಭಿಜಾತರದು. ಗ್ರೀಕರು, ರೋಮನ್ನರು, ವೀರರು. ಮೈಯೆಲ್ಲ ಹಾಲುಗಲ್ಲಿನಲ್ಲಿ ಕಡೆದಂತೆ, ಒಂದು ಮಚ್ಚೆಯಿಲ್ಲ, ಒಂದು ಬೆವರ ಹನಿಯಿಲ್ಲ. ಎದೆಗೆ ಕತ್ತಿ ನಾಟಿದವನ ಮುಖದಲ್ಲಿ ಹಲ್ಲುನೋವಿನಷ್ಟೂ ನೋವಿಲ್ಲ. ಕುಂಚದ ಗುರುತು ಹುಡುಕಲು ಮೂಗು ಹತ್ತಿರ ಒಯ್ದೆ, ಸಿಗಲಿಲ್ಲ. ಅಷ್ಟು ನಯ. ಇಲ್ಲಿ ಅಪ್ಪನನ್ನು ಕರೆತಂದಿದ್ದರೆ ಒಂದೊಂದಕ್ಕೂ ತಲೆದೂಗುತ್ತಿದ್ದ. ನಮ್ಮ ಅಂಗಡಿಯೂ ಇದೇ ಪಂಥದ್ದು ಎಂದು ಆಗ ಗೊತ್ತಾಯಿತು, ಬರೀ ಗ್ರೀಕ್ ವೀರರ ಜಾಗದಲ್ಲಿ ಹತ್ತಿ ವ್ಯಾಪಾರಿಗಳಿದ್ದರು. ಹೆಮ್ಮೆಯಾಗಬೇಕಿತ್ತು. ಆದರೆ ಕೋಣೆಯ ನಡುವೆ ನಿಂತಾಗ ಎಲ್ಲ ಮುಖಗಳೂ ಒಬ್ಬಳೇ ತಾಯಿಯ ಮಕ್ಕಳಂತೆ ಕಂಡು, ನನ್ನ ಕೈಯಿಂದ ಆಚೆ ಹೋದ ನೂರಾರು ಮುಖಗಳೂ ಹೀಗೇ ಇದ್ದಾವು ಎನ್ನಿಸಿ ಬೇಗ ಮುಂದಿನ ಕೋಣೆಗೆ ನಡೆದೆ.

ರಮ್ಯರ ಕೋಣೆಯಲ್ಲಿ ಗಾಳಿ ಎದ್ದಿತ್ತು. ಸಮುದ್ರ, ಬಿರುಗಾಳಿ, ಮುಳುಗುವ ಹಡಗು, ಬೆಂಕಿ, ಕಣಿವೆ. ಮನುಷ್ಯರು ಇರುವೆಯಷ್ಟು. ಒಂದು ಚಿತ್ರದಲ್ಲಿ ಆಕಾಶದ ಹಳದಿಯನ್ನು ಬೆರಳಿನಿಂದಲೋ ಬಟ್ಟೆಯಿಂದಲೋ ತಿಕ್ಕಿ ಹರಡಿ ಹಾಗೇ ಬಿಟ್ಟಿದ್ದಾನೆ ಪುಣ್ಯಾತ್ಮ. ಅಪ್ಪನ ಮುಂದೆ ನಾನು ಹಾಗೆ ಒರೆಸಿದ್ದರೆ ಕುಂಚದ ಹಿಡಿಯಿಂದ ಬೆರಳಿಗೆ ಏಟು ಬೀಳುತ್ತಿತ್ತು. ಬೆರಳಚ್ಚು ಇದೆಯೇ ನೋಡೋಣವೆಂದು ಬಗ್ಗಿದೆ. ಕಾವಲಿನವನು ಎರಡು ಸಾರಿ ಥ್ಯಾಂಕ್ಯೂ ಹೇಳಿ ನನ್ನನ್ನು ಹಿಂದೆ ಸರಿಸಿದ.

ವಾಸ್ತವವಾದಿಗಳ ಕೋಣೆ ಹಿಂಬದಿಯಲ್ಲಿ, ಸಣ್ಣದು. ಕಲ್ಲು ಒಡೆಯುವವರು, ಬಟ್ಟೆ ಒಗೆಯುವವರು, ಹೊಲದಲ್ಲಿ ಬಗ್ಗಿದವರು. ರಾಜರನ್ನು ಬರೆಯುವ ಗಾತ್ರದಲ್ಲಿ ಕೂಲಿಯವರನ್ನು ಬರೆದರೆಂದು ಆ ಕಾಲದ ದೊಡ್ಡ ಮನುಷ್ಯರು ಇವರನ್ನು ಬೈದಿದ್ದರು ಎಂದು ನಮ್ಮ ಗುರುಗಳ ಟಿಪ್ಪಣಿಯಲ್ಲಿತ್ತು. ಸುಮಾ ನನ್ನನ್ನು ಒಂದು ಮೂಲೆಯ ಬೆಂಚಿನ ಮೇಲೆ ಕೂರಿಸಿದಳು. ಎದುರಿಗೆ ಒಂದು ಸಣ್ಣ ಚಿತ್ರ. ಮುದುಕಿಯೊಬ್ಬಳು ಗೋಡೆಗೊರಗಿ ಕೂತು ಗಡ್ಡೆ ಹೆಚ್ಚುತ್ತಿದ್ದಾಳೆ. ಬೆರಳ ಗಂಟುಗಳು ಬಾತಿವೆ. ತುಟಿಯ ಮೂಲೆಗೆ ಒಂದು ನರುಲಿ, ಅದರಲ್ಲಿ ಎರಡು ಕೂದಲು. ಕಿರೀಟದ ಹರಳನ್ನು ಬರೆಯುವಷ್ಟು ಶ್ರದ್ಧೆಯಿಂದ ಆ ನರುಲಿಯನ್ನು ಬರೆದಿದ್ದಾನೆ.

“ಇದು ಅಮ್ಮನ ಬೆಂಚು” ಎಂದಳು ಸುಮಾ. “ತಿಂಗಳಿಗೊಮ್ಮೆಯಾದರೂ ಒಬ್ಬಳೇ ಬಂದು ಇಲ್ಲಿ ಕೂರುತ್ತಿದ್ದಳು. ಬೇರೆ ಕೋಣೆಗೆ ಹೋಗುತ್ತಲೇ ಇರಲಿಲ್ಲ.”

ಅಕ್ಕ ಚಿತ್ರಶಾಲೆಗೆ ಬರುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಬಳಿ ಒಮ್ಮೆಯೂ ಹೇಳಿರಲಿಲ್ಲ.

“ಏನ್ ಅಂತಿದ್ಲು?” ಎಂದು ಕೇಳಿದೆ.

ಸುಮಾ ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಅಕ್ಕನ ದನಿಯಲ್ಲೇ: “ಈಕೀನ್ನ ನಮ್ಮ ಬಸೂನ ಕೈಯಾಗ ಕೊಟ್ಟಿದ್ರ ನರುಲಿ ತಗದ ಒಗೀತಿದ್ದ.”

ಅಲ್ಲಿ ಕೂತು ನಾನು ಯಾರಿಗೂ ಹೇಳದ್ದನ್ನು ಹೇಳಿದೆ. ನನಗಾಗ ಆರು ವರ್ಷ, ಅಕ್ಕನಿಗೆ ಒಂಬತ್ತು. ಅಂಗಡಿಯಲ್ಲಿ ಸ್ಟೋವಿನ ಮೇಲೆ, ಚೌಕಟ್ಟಿಗೆ ಹಚ್ಚುವ ಅಂಟು ಕುದಿಯುತ್ತಿತ್ತು. ಮುಟ್ಟಬೇಡವೆಂದು ಅಪ್ಪ ಹೇಳಿಹೋಗಿದ್ದ. ನಾನು ಡಬ್ಬಿಯ ಹಿಡಿಕೆ ಹಿಡಿದು ಎಳೆದೆ. ಅಕ್ಕ ನನ್ನನ್ನು ದಬ್ಬಿ ಅಡ್ಡ ಬಂದಳು, ಕುದಿಯುವ ಅಂಟು ಅವಳ ಕೆನ್ನೆಗೆ ಚೆಲ್ಲಿತು. ತಾನೇ ಎಡವಿ ಸ್ಟೋವಿನ ಮೇಲೆ ಬಿದ್ದೆನೆಂದು ಅವಳು ಮನೆಯಲ್ಲಿ ಹೇಳಿದಳು. ಅಪ್ಪ ಸಾಯುವವರೆಗೂ ಹಾಗೇ ನಂಬಿದ್ದ. ಅಕ್ಕನ ಮುಖ ಚಂದ ಕಾಣಲಿ ಎಂದು ಕಲೆ ಅಳಿಸುತ್ತೇನೆಂದು ಎಲ್ಲರಿಗೂ ಹೇಳುತ್ತಿದ್ದೆ. ನಾನು ಅಳಿಸುತ್ತಿದ್ದದ್ದು ನನ್ನ ಕೈಯ ತಪ್ಪನ್ನು.

ಸುಮಾ ನನ್ನ ಕಡೆ ತಿರುಗದೆ ಮುದುಕಿಯನ್ನೇ ನೋಡುತ್ತ ಹೇಳಿದಳು.

“ನನಗೆ ಗೊತ್ತು ಮಾಮಾ. ನನ್ನನ್ನು ಮಲಗಿಸುವಾಗ ಅಮ್ಮ ಹೇಳುತ್ತಿದ್ದ ಕತೆಯೇ ಅದು. ಕತೆ ಮುಗಿದ ಮೇಲೆ ಆ ಕಲೆಯನ್ನು ಮುಟ್ಟಲು ಬಿಡುತ್ತಿದ್ದಳು. ಇಲ್ಲಿ ನಿನ್ನ ಮಾಮಾ ಇದ್ದಾನೆ, ಇಲ್ಲಿ ಉಳಿದುಕೊಂಡಿದ್ದಾನೆ ಎನ್ನುತ್ತಿದ್ದಳು. ನೀವು ಫೋಟೊ ತಿದ್ದಿ ಕಳಿಸಿದಾಗಲೆಲ್ಲ ನಕ್ಕು ನಮಗೆಲ್ಲ ತೋರಿಸುತ್ತಿದ್ದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.”

ನನಗೆ ನಾಚಿಕೆಯಾಯಿತು. ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಪಕ್ಕದ ಬೆಂಚಿನ ಬಿಳಿಯ ಹೆಂಗಸು ನನ್ನ ಮುಖ ನೋಡದೆ, ತನ್ನ ಚೀಲದಿಂದ ಕಾಗದದ ಕರವಸ್ತ್ರ ತೆಗೆದು ನನ್ನ ಪಕ್ಕದಲ್ಲಿಟ್ಟು ಎದ್ದುಹೋದಳು. ಮುಖ ನೋಡದಿರುವುದರಲ್ಲೂ ಒಂದು ದಯೆ ಇರಬಹುದು ಎಂದು ಆಗ ಅನಿಸಿತು.

ಟೂಟಿಂಗ್, ಒಂದು ಕಾಫಿ

ತಿಥಿಗೆ ಹೂವಿನ ಮಾಲೆ ಹೇಳಬೇಕಿತ್ತು. ಅಲ್ಲಿಂದ ನಮ್ಮ ದೇಶದವರ ಅಂಗಡಿಗಳಿರುವ ಟೂಟಿಂಗಿಗೆ ಹೋದೆವು. ಹೂವಾಯಿತು, ವಿಭೂತಿ, ಊದಿನಕಡ್ಡಿ ಆಯಿತು. ಒಂದು ದೋಸೆ ಹೋಟೆಲಿನಲ್ಲಿ ಕೂತೆವು. ಹೊರಗೆ ಆಗಲೇ ಕತ್ತಲಾಗಿ, ಕಿಟಕಿಯ ಗಾಜಿನ ಮೇಲೆ ಎಲ್ಲರ ಉಸಿರು ಹಬೆ ಕಟ್ಟಿತ್ತು. ಸಾಂಬಾರು ಸಿಹಿಯಾಗಿತ್ತು, ಆ ಬಗ್ಗೆ ದೂರಲು ಅವತ್ತು ಶಕ್ತಿಯಿರಲಿಲ್ಲ.

“ನನಗ ಅದರ ಆಕಾರನ ನೆನಪಿಲ್ಲ, ಸುಮಾ” ಎಂದೆ. “ನೀ ಹೇಳು. ಹೆಂಗಿತ್ತು?”

“ಹೇಗಿತ್ತು ಎಂದರೆ... ನಾನು ಅದನ್ನು ನೋಡಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. ದೀಪ ಆರಿಸಿರುತ್ತಿದ್ದೆವು.”

ಮೇಜಿನ ಆಚೆಯಿಂದ ಕೈ ಚಾಚಿ ನನ್ನ ಎಡಗೆನ್ನೆ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ಹೆಬ್ಬೆರಳು ಕಿವಿಯ ಕೆಳಗಿಂದ ಹೊರಟು ನಿಧಾನವಾಗಿ ಇಳಿಯಿತು. ಇಲ್ಲಿ ನಯವಾಗಿ, ಇಲ್ಲಿ ಒಂದು ಏಣು, ಇಲ್ಲಿಂದ ಕವಲು, ಇಲ್ಲಿ ಸಣ್ಣ ಗುಳಿ, ಇಲ್ಲಿ ಮುಗಿಯಿತು. ಕಾಫಿ ತಂದವನು ಲೋಟ ಹಿಡಿದುಕೊಂಡು ಏನೂ ತೋಚದೆ ನಿಂತಿದ್ದ. ನಾನು ಕಾಫಿಯಲ್ಲೇ ಬೆರಳದ್ದಿ ಕಾಗದದ ಕರವಸ್ತ್ರದ ಮೇಲೆ ಗೀಚಿದೆ. ಎರಡು ಸಾರಿ ತಪ್ಪಾಯಿತು, ಮತ್ತೆ ಕೆನ್ನೆ ಒಡ್ಡಿದೆ. ಮೂರನೆಯದಕ್ಕೆ ಅವಳು ಸರಿಯೆಂದು ತಲೆಯಾಡಿಸಿದಳು.

ಮರುದಿನದ ಬೆಳಕಿನಲ್ಲಿ, ಅದನ್ನು ಬೆಳಕು ಎಂದು ಕರೆಯುವುದಾದರೆ, ಕಿಟಕಿಯ ಬಳಿ ಕೂತು ಬರೆದೆ. ಮೊದಲು ಕೆನ್ನೆಯ ಕೆನೆಬಣ್ಣದ ಮೇಲೆ ಮಣ್ಣಿನ ಕಂದು ಎಳೆದೆ. ಬಿಳಿ ಕೂದಲು ಬಂತು. ಕಣ್ಣಿನ ಕೆಳಗೆ ಚೀಲ ಬಂತು. ಕೊನೆಗೆ ಕಲೆ. ಕಾಫಿಯಲ್ಲಿ ಗೀಚಿದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಗೆರೆ ಗೆರೆ ನೋಡಿ ಬರೆದೆ. ಅಂಚು ನೀಟಾಗಿ ಬಂತು. ಭಾವನವರಿಗೆ ಮೊದಲೇ ಹೇಳಿದ್ದೆ. ಅವರು “ನಿಮ್ಮಿಷ್ಟ. ಮಂದಿ ಬರ್ತಾರ, ಅಷ್ಟ ನೆನಪಿರಲಿ” ಎಂದು ಕೋಣೆಗೆ ಹೋಗಿದ್ದರು. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ಸುಮಾ ಬಂದು ನೋಡಿದಳು. ನಾನು ಸಣ್ಣ ಕುಂಚವನ್ನು ಕೈಯಲ್ಲೇ ಹಿಡಿದಿದ್ದೆ.

“ಹತ್ತಿರ ಬಂದಿದೆ, ಮಾಮಾ. ತುಂಬ ಹತ್ತಿರ. ಆದರೆ ಏನೋ ಉಳಿದಿದೆ. ಏನೆಂದು ನನಗೂ ಗೊತ್ತಿಲ್ಲ.”

ಹೌದು ಅನ್ನಲಿಲ್ಲ. ಕುಂಚ ಮತ್ತೆ ಡಬ್ಬಿ ಸೇರಿತು.

ಪುಣ್ಯತಿಥಿ

ಭಾನುವಾರ ಬೆಳಿಗ್ಗೆಯಿಂದ ಜನ ಬಂದರು. ಲಂಡನ್ನಿನ ಇನ್ನೊಂದು ತುದಿಯ ಸ್ಟ್ಯಾನ್ಮೋರಿನಿಂದ ಕಾರಿನಲ್ಲಿ ಬಂದವರು ಪಾರ್ಕಿಂಗ್ ಸಿಗದ ಕತೆ ಹೇಳುತ್ತ ಒಳಗೆ ಬಂದರು, ಬೆಂಗಳೂರಿನ ಕಡೆಯ ಒಂದು ಸಂಸಾರ “ಅಣ್ಣಾ, ಆರಾಮಾ?” ಎಂದು ನಮ್ಮ ಭಾಷೆಯನ್ನೇ ಆಡಲು ನೋಡಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊದಿನಕಡ್ಡಿ ಹಚ್ಚಿದರೆ ಹೊಗೆಯ ಅಲಾರಾಂ ಕೂಗುತ್ತದೆಂದು ಹಚ್ಚದೆಯೇ ಚಿತ್ರದ ಮುಂದೆ ಸಿಗಿಸಿದ್ದರು. ಹಚ್ಚದ ಊದಿನಕಡ್ಡಿಯ ಮುಂದೆ ಕೈಮುಗಿಯುವುದನ್ನು ನಾನು ಎಲ್ಲೂ ನೋಡಿರಲಿಲ್ಲ.

ಚಿತ್ರವನ್ನು ಚೌಕಟ್ಟಿಗೆ ಹಾಕಿ ಗೋಡೆಗೆ ತೂಗುಹಾಕಿದ್ದೆ. ಊರಲ್ಲಾದರೆ ಬಿಸಿಲಿಗಿಟ್ಟು ಬಣ್ಣವನ್ನು ಬೇಗ ಒಣಗಿಸಬಹುದು. ಇಲ್ಲಿನ ತಂಪಿನಲ್ಲಿ ಅಗಸೆ ಎಣ್ಣೆ ಒಣಗುವ ಲಕ್ಷಣವೇ ಇರಲಿಲ್ಲ, ಯಾರೂ ಮುಟ್ಟದಿರಲೆಂದು ಮುಂದೊಂದು ಸ್ಟೂಲಿಟ್ಟು ದೀಪ ಇರಿಸಿದ್ದೆವು. ಜನ ಬಂದು ನಿಂತು, ನೋಡಿ, ಒಂದು ಕ್ಷಣ ತಡೆದು, ಹೂ ಏರಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಆ ತಡೆಯುವಿಕೆ ನನಗೆ ತಿಳಿಯುತ್ತಿತ್ತು. ಯಾರೂ “ಲಕ್ಷ್ಮೀ ಇದ್ದಂಗ ಐತಿ” ಎನ್ನಲಿಲ್ಲ. ಭಾವ ಮೂಲೆಯ ಕುರ್ಚಿಯಲ್ಲಿ ಚಿತ್ರಕ್ಕೆ ಬೆನ್ನು ಮಾಡಿ ಕೂತಿದ್ದರು.

ವಿಜಯಪುರದ ಕಡೆಯ ಶೈಲಕ್ಕ ಎಂಬವರು, ಅಕ್ಕನ ಗೆಳತಿ, ಬಹಳ ಒಳ್ಳೆಯ ಜೀವ, ಕಣ್ಣು ಸ್ವಲ್ಪ ಮಂದ. ಹೂವಿನ ಮಾಲೆ ನೆಟ್ಟಗೆ ಮಾಡಲು ಮುಂದೆ ಬಗ್ಗಿದರು.

“ಅಯ್ಯ, ಗೌರಕ್ಕನ ಮಾರಿಗೆ ಏನೋ ಹತ್ತೇತಿ ನೋಡ್ರಿ” ಎನ್ನುತ್ತ, ನಾನು ಎದ್ದು ನಿಲ್ಲುವುದರೊಳಗೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೆನ್ನೆಯನ್ನು ಒರೆಸಿಬಿಟ್ಟರು.

“ಒರಸಬ್ಯಾಡ್ರಿ!”

ಕೂಗಿದ್ದು ಸುಮಾ. ರೊಟ್ಟಿಯ ತಾಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಒರಸಬ್ಯಾಡ್ರಿ. ಅದು ಹೊಲಸಲ್ಲ. ಅದು ನಮ್ಮವ್ವ.”

ಈ ಐದು ದಿನದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ. ದನಿ ಅಕ್ಕನದೇ. ಶೈಲಕ್ಕ ಸೆರಗಿಗೆ ಹತ್ತಿದ ಕೆಂಪು ಬಣ್ಣ ನೋಡಿಕೊಂಡು ಅಳುವ ಹಾಗಾದರು, “ತಪ್ಪಾತವಾ, ನನಗ ಗೊತ್ತಾಗಲಿಲ್ಲವಾ” ಎನ್ನತೊಡಗಿದರು. ನಾನು ಚಿತ್ರದ ಬಳಿ ಹೋಗಿ ನೋಡಿದೆ. ಅಷ್ಟು ಕಷ್ಟಪಟ್ಟು ತಂದ ಅಂಚು ಹೋಗಿಬಿಟ್ಟಿತ್ತು. ಕೆಂಪು ಕೆನ್ನೆಯ ಮೇಲೆಲ್ಲ ಹರಡಿ, ಕುತ್ತಿಗೆಯ ಕಡೆ ಹಬ್ಬಿ ಮಸುಕಾಗಿತ್ತು. ಬಟ್ಟೆ, ಎಣ್ಣೆ, ಕುಂಚ ತರಲು ತಿರುಗಿದೆ.

“ಬಸು, ನಿಂದ್ರು.”

ಭಾವ ಎದ್ದು ಬಂದಿದ್ದರು. ಕನ್ನಡಕ ಹಣೆಗೇರಿಸಿ, ಮುಖವನ್ನು ಚಿತ್ರದ ತೀರ ಹತ್ತಿರ ಒಯ್ದರು. ಬಹಳ ಹೊತ್ತು ಹಾಗೇ ನಿಂತರು. ಅವರ ಉಸಿರು ಹಸಿ ಬಣ್ಣಕ್ಕೆ ತಾಗುತ್ತದೇನೋ ಅನ್ನುವಷ್ಟು ಹತ್ತಿರ.

“ಈಗ ಸರಿ ಆತು ನೋಡು” ಎಂದರು. “ಇಲ್ಲಿ ಥಂಡಿ ಬಿದ್ದಾಗ ಹಿಂಗ ಆಕ್ಕಿತ್ತು. ಕೆಂಪಗಾಗಿ, ಕುತಗಿ ತನಕ ಹರಡತಿತ್ತು. ಉರೀತಿತ್ತು ಆಕಿಗೆ. ಹೊರಗಿಂದ ಬಂದ ಕೂಡ್ಲೆ ನನ್ನ ಅಂಗೈ ತಗೊಂಡು ಅಲ್ಲಿ ಇಟ್ಟಗೋತಿದ್ಲು. ನಲವತ್ತ ವರ್ಷ.”

ಅವರ ಬಲಗೈ ತಾನಾಗಿಯೇ ಮೇಲೆದ್ದಿತ್ತು, ಕೆನ್ನೆಯ ಎತ್ತರಕ್ಕೆ. ಬಣ್ಣ ಹಸಿ ಇದೆಯೆಂದು ನೆನಪಾಗಿ ಅಲ್ಲೇ ನಿಂತಿತು.

ನಾನು ಸುಮಾಳ ಕಡೆ ನೋಡಿದೆ. ಅವಳು ತಾಟು ಹಿಡಿದುಕೊಂಡೇ ತಲೆಯಾಡಿಸಿದಳು.

“ಹೌದು ಮಾಮಾ. ಈಕಿ ನಮ್ಮವ್ವನ.”

ಅಕ್ಕ ಊರಿಗೆ ಬರುತ್ತಿದ್ದದ್ದೆಲ್ಲ ಬಿಸಿಲಿನ ದಿನಗಳಲ್ಲಿ. ಅವಳನ್ನು ಇಲ್ಲಿನ ಚಳಿಯಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಡಬ್ಬಿಯಿಂದ ಸಣ್ಣ ಕುಂಚ ತೆಗೆದು, ಮಂಡಿಯೂರಿ ಕೂತು, ಚಿತ್ರದ ಕೆಳಗೆ ಅವಳ ಹೆಸರು ಬರೆದೆ.